ಅಪ್‌ಡೇಟ್: ಟೆರೇಸ್‌ಗೆ ಸೀಲರ್ ಹಾಕಿದ ಮೇಲಿನ ಮೊದಲ ಮಳೆಗಾಲ

ಕುಂಬಳೆಯ ನಮ್ಮ ಮನೆಯ ಟೆರೇಸ್ ನೀರು ಹೀರಿ ಸೀಲಿಂಗ್ ಒದ್ದೆಯಾಗುತ್ತಿದೆ, ಪದರ ಕಟ್ಟುವ ಪೇಂಟ್ ಬಳಿಯುವುದಾ ಅಥವಾ ಕಾಂಕ್ರೀಟಿನೊಳಗೆ ಇಳಿಯುವ ಸೀಲರ್ ಹಾಕುವುದಾ ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಕೊನೆಗೆ ಒಳಗೆ ಇಳಿಯುವ ಬಗೆಯ ಸಿಲೇನ್-ಸಿಲೋಕ್ಸೇನ್ ಸೀಲರನ್ನೇ ಹಾಕಿಸಿದೆವು.

ಪಾಚಿ ಉಜ್ಜಿ, ತೊಳೆದು, ಚೆನ್ನಾಗಿ ಒಣಗಲು ಬಿಟ್ಟೆವು. ಬಿರುಕುಗಳನ್ನು ಬೇರೆಯಾಗಿಯೇ ತುಂಬಿಸಿದೆವು. ಸೀಲರ್ ಸಣ್ಣ ರಂಧ್ರಗಳ ಒಳಮೈಗೆ ಅಂಟಿ ನೀರನ್ನು ತಡೆಯುತ್ತದೆ ಅಷ್ಟೇ, ಬಿರುಕು ಮುಚ್ಚುವುದಿಲ್ಲ. ನೀರು ನಿಲ್ಲುವ ಜಾಗಕ್ಕೂ ಅದೊಂದೇ ಸಾಲದು. ಹಾಗಾಗಿ ಮೂಲೆಯ ತಗ್ಗಿಗೆ ಮೇಸ್ತ್ರಿ ಗಾರೆ ಹಾಕಿ ಪೈಪಿನ ಕಡೆಗೆ ಇಳಿಜಾರು ಮಾಡಿಕೊಟ್ಟರು. ಆ ಹೊಸ ಗಾರೆ ಗಟ್ಟಿಯಾಗಲು 28 ದಿನ ಬಿಟ್ಟು ಆಮೇಲೆ ಸೀಲರ್.

ಈಗ ಮಳೆ ಜೋರಾಗಿದೆ. ನೀರು ಗುಂಡಗೆ ಹನಿಕಟ್ಟಿ ಜಾರಿಹೋಗುತ್ತದೆ, ಕಾಂಕ್ರೀಟ್ ಮೊದಲಿನ ಹಾಗೆ ಕಪ್ಪಾಗುವುದಿಲ್ಲ. ಸೀಲಿಂಗಿನ ಕಲೆಯೂ ಹರಡಿಲ್ಲ. ಮೇಲೆ ಪದರ ಇಲ್ಲದ್ದರಿಂದ ಒಳಗಿನ ತೇವ ಆವಿಯಾಗಿ ಹೊರಹೋಗುತ್ತದೆ, ಸಿಪ್ಪೆ ಏಳುವ ಭಯವಿಲ್ಲ.

ಕಡಲ ಹತ್ತಿರ ಇರುವವರು ಇದನ್ನು ಖಂಡಿತ ಯೋಚಿಸಿ. ಉಪ್ಪಿನಂಶ ನೀರಿನ ಜೊತೆಗೇ ಒಳಗೆ ಹೋಗಿ ಕಾಂಕ್ರೀಟಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸುತ್ತದೆ ಅಲ್ವಾ?

ಪ್ಯಾರಪೆಟ್ ಬುಡದಲ್ಲಿ ಮಾತ್ರ ಇನ್ನೂ ಸ್ವಲ್ಪ ಒಸರುತ್ತಿದೆ. ಮಳೆ ಬಿಟ್ಟ ಮೇಲೆ ಆ ಸಂದಿಗೆ ಸೀಲಂಟ್ (ಸಂದಿ ಮುಚ್ಚುವ ಅಂಟು) ತುಂಬಿಸುತ್ತೇವೆ.