ಅಪ್‌ಡೇಟ್: ಪಿಲ್ಸ್ನರ್‌ನ ಬೆಣ್ಣೆ ವಾಸನೆ ಹೋಯ್ತು

ಹಿಂದೆ ಕೇಳಿದ್ದು ಇಷ್ಟು: 12 ಡಿಗ್ರಿಯಲ್ಲಿ ಹುದುಗಿಸಿದ 19 ಲೀಟರ್ ಪಿಲ್ಸ್ನರ್ (ತಿಳಿ ಬಣ್ಣದ ಬಿಯರ್), ಬಾಟಲಿಗೆ ತುಂಬಿ ಎರಡು ವಾರಕ್ಕೆ ಬೆಣ್ಣೆ ವಾಸನೆ. ನೀವು ಹೇಳಿದಂತೆ ಅದು ಸೋಂಕಲ್ಲ, ಡಯಾಸಿಟೈಲ್ ಅನ್ನೋ ಬೆಣ್ಣೆ ವಾಸನೆಯ ರಾಸಾಯನಿಕ. ಯೀಸ್ಟ್ ಕೆಲಸ ಮುಗಿಸುವ ಮೊದಲೇ 2 ಡಿಗ್ರಿಗೆ ಇಳಿಸಿದ್ದು ತಪ್ಪು. ಹುದುಗುವಾಗ ಹುಟ್ಟುವ, ವಾಸನೆಯೇ ಇಲ್ಲದ ಅಸಿಟೋಲ್ಯಾಕ್ಟೇಟ್ ಉಳಿದುಬಿಟ್ಟು ಆಮೇಲೆ ಡಯಾಸಿಟೈಲ್ ಆಗುತ್ತೆ. ಚಳಿಗೆ ಮುದುಡಿದ ಯೀಸ್ಟ್ ಅದನ್ನು ಹೀರಿಕೊಳ್ಳಲ್ಲ.

ಈ ಸಲ ಗ್ರಾವಿಟಿ (ಸಕ್ಕರೆ ಕರಗಿದಂತೆ ಇಳಿಯುವ ಸಾಂದ್ರತೆ) 1.048ರಿಂದ 1.020ಕ್ಕೆ ಇಳಿದ ಕೂಡಲೇ 18 ಡಿಗ್ರಿಗೆ ಏರಿಸಿದೆ. ಮೂರನೇ ದಿನ 1.010ಕ್ಕೆ ನಿಂತಿತು. ಆದರೆ ಗ್ರಾವಿಟಿ ನಿಂತರೆ ಕೆಲಸ ಮುಗಿಯಿತು ಅಂತ ನಂಬಬೇಡಿ, ಮೂಗಿನಿಂದ ನೋಡಿ. ಮುಚ್ಚಳವಿರುವ ಎರಡು ಗಾಜಿನ ಡಬ್ಬಿಗೆ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ, ಒಂದನ್ನು 65 ಡಿಗ್ರಿ ನೀರಲ್ಲಿ 20 ನಿಮಿಷ ಇಟ್ಟು, ಆರಿದ ಮೇಲೆ ಎರಡನ್ನೂ ಮೂಸಿ. ಬಿಸಿ ಮಾಡಿದ್ದು ಥಿಯೇಟರ್ ಪಾಪ್‌ಕಾರ್ನ್ ಥರ ಘಮ್ಮಂತು, ಇನ್ನೊಂದು ಶುದ್ಧ. ಅಂದರೆ ಅಸಿಟೋಲ್ಯಾಕ್ಟೇಟ್ ಇನ್ನೂ ಬಾಕಿ ಇದೆ. ಮತ್ತೆರಡು ದಿನ ಬಿಟ್ಟ ಮೇಲೆ ಎರಡೂ ಒಂದೇ. ಆಗಲೇ ತಣ್ಣಗೆ ಮಾಡಿದ್ದು.

ಗ್ಯಾಸ್ ಬರಲು ಬಾಟಲಿಗೆ ಹಾಕಿದ ಸಕ್ಕರೆ ಒಟ್ಟು 112 ಗ್ರಾಂ. 18 ಡಿಗ್ರಿಯಲ್ಲಿದ್ದಾಗ ಬಿಯರಲ್ಲಿ ಉಳಿದ ಗ್ಯಾಸ್ ಆಮೇಲೆ ತಣ್ಣಗೆ ಮಾಡಿದರೂ ಹೆಚ್ಚಲ್ಲ, ಹಾಗಾಗಿ ಲೆಕ್ಕಕ್ಕೆ 18 ಡಿಗ್ರಿಯನ್ನೇ ಹಿಡಿಯಬೇಕು. 2 ಡಿಗ್ರಿ ಹಾಕಿದರೆ ಕ್ಯಾಲ್ಕುಲೇಟರ್ ಸುಮಾರು 60 ಗ್ರಾಂ ಅನ್ನುತ್ತೆ, ಬಿಯರ್ ಸಪ್ಪೆಯಾಗುತ್ತೆ.