ಬ್ರೂಕ್ಲಿನ್‌ನ ಕೆರಿಬಿಯನ್ ಅಂಗಡಿ ಮಾಲೀಕರ ಸಂದರ್ಶನ: ಹೇಗೆ ತಯಾರಾಗಬೇಕು?

ರೇಡಿಯೋಪ್ರಿಯ:
ನಮಸ್ಕಾರ. ಕಾಲೇಜಿನ ಮೌಖಿಕ ಇತಿಹಾಸ ಯೋಜನೆಗಾಗಿ ನ್ಯೂಯಾರ್ಕಿನ ಕೆರಿಬಿಯನ್ ಮೂಲದ ಸಣ್ಣ ವ್ಯಾಪಾರಿಗಳ ಆಡಿಯೋ ಸಂದರ್ಶನ ಮಾಡಬೇಕಿದೆ. ಬ್ರೂಕ್ಲಿನ್‌ನ ಫ್ಲ್ಯಾಟ್‌ಬುಷ್‌ನಲ್ಲಿ ಬೇಕರಿ, ಹೇರ್ ಸಲೂನ್, ಊರಿನವರಿಗೆ ಸಾಮಾನು ತುಂಬಿದ ಬ್ಯಾರೆಲ್ (ದೊಡ್ಡ ಡ್ರಮ್) ಕಳಿಸುವ ಶಿಪ್ಪಿಂಗ್ ಅಂಗಡಿ. ಕ್ವೀನ್ಸ್‌ನ ರಿಚ್ಮಂಡ್ ಹಿಲ್‌ನಲ್ಲಿ ಗಯಾನಾದವರ ರೋಟಿ ಅಂಗಡಿ. ಒಬ್ಬೊಬ್ಬರಿಗೆ 45 ನಿಮಿಷ ಇಟ್ಟುಕೊಂಡಿದ್ದೇನೆ. ಯಾವಾಗ ಹೋಗಬೇಕು, ಬಂಡವಾಳ ಎಲ್ಲಿಂದ ಬಂತು ಅಂತ ಹೇಗೆ ಕೇಳಬೇಕು, ಅಂಗಡಿಯೊಳಗಿನ ಗದ್ದಲದಲ್ಲಿ ರೆಕಾರ್ಡ್ ಮಾಡೋದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಚರ್ಚ್‌ಅವೆನ್ಯೂ:
ಮೊದಲು ಕ್ಯಾಲೆಂಡರ್ ನೋಡಿ. ಸೆಪ್ಟೆಂಬರ್ ಮೊದಲ ಸೋಮವಾರ, ಲೇಬರ್ ಡೇ ದಿನ, ಬ್ರೂಕ್ಲಿನ್‌ನ ಈಸ್ಟರ್ನ್ ಪಾರ್ಕ್‌ವೇ ರಸ್ತೆಯಲ್ಲಿ ಕೆರಿಬಿಯನ್ ಕಾರ್ನಿವಲ್ ಮೆರವಣಿಗೆ. ಅದರ ಹಿಂದಿನ ಎರಡು ವಾರ ಸಲೂನ್‌ನವರಿಗೂ ಅಡುಗೆಯವರಿಗೂ ಉಸಿರಾಡಲು ಬಿಡುವಿರಲ್ಲ. ಜಮೈಕಾದ ಬೇಕರಿಗಳಿಗೆ ಈಸ್ಟರ್ ಮುಂಚಿನ ವಾರಗಳು ಹಾಗೇ, ಬನ್ ಮತ್ತು ಚೀಸ್ ಖರೀದಿಗೆ ಸಾಲು ನಿಂತಿರುತ್ತೆ. ಕ್ರಿಸ್‌ಮಸ್‌ಗೆ ಊರು ಮುಟ್ಟಬೇಕಾದ ಬ್ಯಾರೆಲ್‌ಗಳು ಅಕ್ಟೋಬರ್, ನವೆಂಬರ್‌ನಲ್ಲೇ ಹಡಗು ಹತ್ತಬೇಕು, ಹಾಗಾಗಿ ಶಿಪ್ಪಿಂಗ್ ಅಂಗಡಿಗೆ ಜನವರಿ ಅಥವಾ ಫೆಬ್ರವರಿಯಲ್ಲಿ ಹೋಗಿ. ಶುಕ್ರವಾರ, ಶನಿವಾರ ಸಲೂನ್ ಕಡೆ ತಲೆ ಹಾಕಬೇಡಿ. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಮಾಲೀಕರಾದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಅಂಗಡಿಯೇ ಮುಚ್ಚಿರುತ್ತೆ. ಮಂಗಳವಾರ, ಬುಧವಾರ ಬೆಳಗ್ಗೆ ಹತ್ತರ ನಂತರ ಒಳ್ಳೆಯ ಹೊತ್ತು.

ಅಂಗಡಿಗೆ ಕಾಲಿಟ್ಟ ತಕ್ಷಣ, ಬೇರೆ ಒಂದು ಮಾತೂ ಆಡುವ ಮೊದಲು, ಒಳಗಿರುವ ಎಲ್ಲರಿಗೂ ಕೇಳುವ ಹಾಗೆ 'ಗುಡ್ ಮಾರ್ನಿಂಗ್' ಅನ್ನಿ. ಅದನ್ನು ಬಿಟ್ಟು ನೇರ ಕೌಂಟರ್‌ಗೆ ಹೋಗಿ ವಿಷಯ ಶುರು ಮಾಡಿದರೆ ಸಂಸ್ಕಾರ ಇಲ್ಲದವರು ಅಂತ ಅಲ್ಲೇ ತೀರ್ಮಾನ ಆಗುತ್ತೆ, ಆಮೇಲೆ ಎಷ್ಟು ವಿನಯ ತೋರಿಸಿದರೂ ಪ್ರಯೋಜನ ಕಮ್ಮಿ. ಹಿರಿಯ ಹೆಂಗಸರನ್ನು 'ಮಿಸ್' ಸೇರಿಸಿ ಹೆಸರಿನಿಂದ ಕರೆಯಿರಿ. ಮೊದಲ ಭೇಟಿಯಲ್ಲಿ ರೆಕಾರ್ಡರ್ ಹೊರಗೆ ತೆಗೆಯಬೇಡಿ, ಏನಾದರೂ ಕೊಂಡು, ಪ್ರಶ್ನೆಗಳ ಒಂದು ಪುಟ ಕೊಟ್ಟು ಬನ್ನಿ.

ಎಲ್ಲರನ್ನೂ ಜಮೈಕಾದವರು ಅಂದುಕೊಳ್ಳುವುದು ದೊಡ್ಡ ತಪ್ಪು. ಜಮೈಕಾ, ಟ್ರಿನಿಡಾಡ್ 1962ರಲ್ಲಿ, ಬಾರ್ಬಡೋಸ್, ಗಯಾನಾ 1966ರಲ್ಲಿ ಸ್ವತಂತ್ರವಾದ ಬೇರೆ ಬೇರೆ ದೇಶಗಳು. ಗಯಾನಾ ದ್ವೀಪವೂ ಅಲ್ಲ, ದಕ್ಷಿಣ ಅಮೆರಿಕದ ನೆಲದಲ್ಲಿದೆ. ಹೈಟಿಯವರ ಮಾತು ಕ್ರೆಯೋಲ್, ಫ್ರೆಂಚ್ ಬಲ್ಲವರನ್ನು ದುಭಾಷಿಯಾಗಿ ಕರೆದೊಯ್ದರೆ ಕೆಲಸ ಆಗಲ್ಲ.

ಲೆಕ್ಕದಪುಸ್ತಕ:
ಬಂಡವಾಳದ ಪ್ರಶ್ನೆಯೇ ಈ ಸಂದರ್ಶನಗಳ ಜೀವಾಳ, ಅದಕ್ಕೇ ಅದನ್ನು ನೇರ ಕೇಳಬಾರದು. 'ದುಡ್ಡು ಎಲ್ಲಿಂದ ತಂದ್ರಿ' ಅಂದರೆ ತೆರಿಗೆಯವರು ಕೇಳಿದ ಹಾಗಿರುತ್ತೆ, 'ಕಷ್ಟಪಟ್ಟು ದುಡಿದೆ' ಅನ್ನುವ ಉತ್ತರಕ್ಕೆ ಮಾತು ಮುಗಿಯುತ್ತೆ. ಸಾಮಾನುಗಳಿಂದ ಶುರು ಮಾಡಿ. ಮೊದಲ ಓವನ್ ಹೊಸದೋ ಹಳೆಯದೋ? ಯಾವ ಅಂಗಡಿ ಮುಚ್ಚಿದಾಗ ಸಿಕ್ಕಿತು? ಬಾಗಿಲಲ್ಲಿ ಹಿಡಿಸಿತಾ? ಬಾಡಿಗೆಗೆ ಎಷ್ಟು ತಿಂಗಳ ಡೆಪಾಸಿಟ್ ಕೇಳಿದರು? ಓವನ್ ಮಾತು ಬಂದಾಗ ಅದರ ದುಡ್ಡಿನ ಮಾತೂ ತಾನಾಗಿ ಬರುತ್ತೆ.

ಬಹಳ ಕಡೆ ಬರುವ ಉತ್ತರ ನಮ್ಮ ಚೀಟಿಯಂಥದ್ದೇ ಒಂದು ಏರ್ಪಾಡು. ಟ್ರಿನಿಡಾಡ್‌ನವರು ಸುಸು ಅಂತಾರೆ, ಜಮೈಕಾದವರು ಪಾರ್ಟ್ನರ್, ಗಯಾನಾದವರು ಬಾಕ್ಸ್ ಹ್ಯಾಂಡ್, ಬಾರ್ಬಡೋಸ್‌ನವರು ಮೀಟಿಂಗ್ ಟರ್ನ್, ಹೈಟಿಯವರು ಸೋಲ್. ಎದುರಿಗಿರುವವರ ದೇಶದ ಹೆಸರನ್ನೇ ಬಳಸಿ. ಉದಾಹರಣೆಗೆ 12 ಜನ ವಾರಕ್ಕೆ 200 ಡಾಲರ್ ಹಾಕಿದರೆ ಪ್ರತಿ ವಾರ ಒಬ್ಬರಿಗೆ 2,400 ಡಾಲರ್ ಕೈ ಸೇರುತ್ತೆ, 12 ವಾರಕ್ಕೆ ಸುತ್ತು ಮುಗಿಯುತ್ತೆ. ನಮ್ಮಲ್ಲಿನ ಹರಾಜು ಚೀಟಿಯ ಹಾಗೆ ಕೂಗುವುದಿಲ್ಲ, ಬಡ್ಡಿಯಿಲ್ಲ. ಯಾರಿಗೆ ಯಾವ ಸರದಿ ಅನ್ನುವುದನ್ನು ದುಡ್ಡು ಹಿಡಿಯುವ ಬ್ಯಾಂಕರ್ ನಿಗದಿ ಮಾಡುತ್ತಾರೆ, ಅವರೂ ಸಾಮಾನ್ಯವಾಗಿ ಪರಿಚಯದ ಒಬ್ಬ ಹಿರಿಯರು. ಮೊದಲ ಸರದಿ ಸಿಕ್ಕವರಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಯವರಿಗೆ ಉಳಿತಾಯ. ಆದ್ದರಿಂದ 'ನಿಮ್ಮದು ಎಷ್ಟನೇ ಸರದಿ?' ಅಂತ ಕೇಳಿ. ಮೊದಲ ಸರದಿ ಸಿಕ್ಕಿತ್ತು ಅಂದರೆ ಅವರ ಮೇಲೆ ಎಷ್ಟು ನಂಬಿಕೆ ಇತ್ತು ಅಂತ ಗೊತ್ತಾಗುತ್ತೆ. ನಡುವೆ ಒಬ್ಬರು ಕಂತು ತಪ್ಪಿಸಿದಾಗ ಏನಾಯಿತು ಅನ್ನುವುದನ್ನೂ ಕೇಳಿ, ಬ್ಯಾಂಕರ್ ಕೈಯಿಂದ ಹಾಕಿ ಸರಿದೂಗಿಸಿದ ಪ್ರಸಂಗಗಳು ಅಲ್ಲೇ ಹೊರಬರೋದು.

ಬ್ಯಾಂಕರ್ ಹೆಸರು, ಸದಸ್ಯರ ಹೆಸರು, ದುಡ್ಡು ಕೈ ಬದಲಾಗುವ ವಾರ ಮತ್ತು ಜಾಗ, ಇವು ಮಾತ್ರ ಪ್ರಕಟವಾಗಲೇಬಾರದು. ನಗದು ಇರುವ ದಿನ ಗೊತ್ತಾದರೆ ಕಳ್ಳರಿಗೆ ದಾರಿ ತೋರಿಸಿದಂತೆ. ವಲಸೆ ದಾಖಲೆಯ ವಿಷಯ ಕೇಳಬೇಡಿ. 'ಯಾವಾಗ ಬಂದಿರಿ' ಸರಿ, 'ಹೇಗೆ ಬಂದಿರಿ' ಬೇಡ. ಅವರೇ ಬಾಯಿಬಿಟ್ಟರೂ ಆ ಭಾಗ ಅಳಿಸಿ.

ಲೀಸ್ ಬಗ್ಗೆ ಕೇಳುವಾಗ 'ಗುಡ್ ಗೈ ಗ್ಯಾರಂಟಿ' ಇದೆಯಾ ಅಂತ ವಿಚಾರಿಸಿ. ನ್ಯೂಯಾರ್ಕಿನ ವಾಣಿಜ್ಯ ಬಾಡಿಗೆಯಲ್ಲಿ ಸಾಮಾನ್ಯ ಷರತ್ತು ಅದು: ಅಂಗಡಿ ಖಾಲಿ ಮಾಡಿ ಕೀಲಿ ಕೊಡುವವರೆಗಿನ ಬಾಡಿಗೆಗೆ ಅಂಗಡಿ ನಡೆಸುವವರೇ ಸ್ವಂತ ಹೊಣೆ. ಈ ಪ್ರಶ್ನೆ ಕೇಳಿದರೆ ನಿಮಗೆ ವ್ಯಾಪಾರ ಅರ್ಥವಾಗುತ್ತೆ ಅಂತ ಅವರಿಗೆ ಗೊತ್ತಾಗುತ್ತೆ, ಮಾತು ಬಿಚ್ಚುತ್ತಾರೆ.

ರಿಚ್ಮಂಡ್ ಹಿಲ್‌ನಲ್ಲಿ ಇನ್ನೊಂದು ಎಚ್ಚರ. 1838ರಿಂದ ಗಯಾನಾಕ್ಕೆ, 1845ರಿಂದ ಟ್ರಿನಿಡಾಡ್‌ಗೆ ಕೂಲಿಗಳಾಗಿ ಹಡಗು ಹತ್ತಿದವರ ವಂಶದವರು ಅವರು, ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಕೆಲವರು ಮದ್ರಾಸ್ ಬಂದರಿನಿಂದ ಹೋದವರು. 'ಭಾರತದಲ್ಲಿ ಯಾವ ಊರು' ಅಂತ ಮೊದಲೇ ಕೇಳಿದರೆ ಉತ್ತರ ಇಲ್ಲದೆ ಮುಜುಗರ ಪಡುತ್ತಾರೆ. ಅವರ ಊರು ಗಯಾನಾ. ದಾಲ್‌ಪುರಿ ಹಿಟ್ಟಿನ ಮಾತು ಆಡಿ, ಅಜ್ಜಿಯ ಮಾತು ತಾನಾಗಿ ಬರುತ್ತೆ.

ಹೆಡ್‌ಫೋನ್:
ಸದ್ದಿನ ವಿಷಯ. ಬೇಕರಿಯಲ್ಲಿ ತೊಂದರೆ ಕೊಡೋದು ಜನರಲ್ಲ, ತಂಪು ಪಾನೀಯದ ಫ್ರಿಜ್‌ನ ಕಂಪ್ರೆಸರ್ ಮತ್ತು ಎಕ್ಸಾಸ್ಟ್ ಫ್ಯಾನ್. ಕಿವಿ ಅದಕ್ಕೆ ಒಗ್ಗಿಹೋಗುತ್ತೆ, ಮೈಕ್ ಒಗ್ಗಲ್ಲ, ಹಾಗಾಗಿ ಹೆಡ್‌ಫೋನ್ ಹಾಕಿಯೇ ಕೂರಿ. ಕಾಲರ್ ಮೈಕನ್ನು ಗಲ್ಲದಿಂದ 15–20 ಸೆಂ.ಮೀ. ಕೆಳಗೆ ಸಿಕ್ಕಿಸಿ, ಸರ, ಏಪ್ರನ್ ದಾರ ತಾಗದಂತೆ. 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್, ಜೋರು ಮಾತು ರೆಕಾರ್ಡರ್ ಮೀಟರ್‌ನಲ್ಲಿ −12 ಡೆಸಿಬೆಲ್ ಆಸುಪಾಸು ಇರಲಿ. ಮೋನೋದಲ್ಲಿ (ಒಂದೇ ಚಾನೆಲ್) ಗಂಟೆಗೆ ಸುಮಾರು 520 ಎಂಬಿ.

ಸಲೂನ್‌ನಲ್ಲಿ ಹಾಡು ಹಾಕಿದ್ದರೆ ನಿಲ್ಲಿಸಲು ಕೇಳಲೇಬೇಕು. ಮಾತನ್ನು ಕತ್ತರಿಸಿ ಜೋಡಿಸಿದಾಗ ಹಿಂದಿನ ಹಾಡು ತಟ್ಟನೆ ಜಿಗಿಯುತ್ತೆ, ಮುಚ್ಚಿಡೋಕಾಗಲ್ಲ, ಜೊತೆಗೆ ಕೃತಿಸ್ವಾಮ್ಯದ ತಕರಾರು ಬೇರೆ. ಸಂದರ್ಶನ ಮುಗಿದ ಮೇಲೆ ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿದುಕೊಳ್ಳಿ, ಜೋಡಣೆಗೆ ಬೇಕು. ಕ್ಲಿಪ್ಪರ್ ಸದ್ದು, ಪ್ಯಾಟಿ ಟ್ರೇ ಎಳೆಯುವ ಸದ್ದು ಬೇಕಾದರೆ ಪ್ರತ್ಯೇಕವಾಗಿ ಹಿಡಿಯಿರಿ.

ಲಿಪ್ಯಂತರವನ್ನು ತಂತ್ರಾಂಶಕ್ಕೆ ಬಿಟ್ಟು ಸುಮ್ಮನಾಗಬೇಡಿ. ಜಮೈಕಾದ ಪಾಟ್ವಾ ಮಾತನ್ನು ಅದು ತನಗೆ ತಿಳಿದ ಇಂಗ್ಲಿಷ್‌ಗೆ ಬದಲಿಸಿಬಿಡುತ್ತೆ, ಅರ್ಥವೇ ತಿರುಗುತ್ತೆ. ಒಂದು ಗಂಟೆ ಆಡಿಯೋಗೆ ಐದಾರು ಗಂಟೆ ಕೈಕೆಲಸ ಇಟ್ಟುಕೊಳ್ಳಿ. ಅವರು ಆಡಿದ್ದನ್ನು ಆಡಿದ ಹಾಗೇ ಬರೆಯಿರಿ, ವ್ಯಾಕರಣ ತಿದ್ದಬೇಡಿ.

ರೇಡಿಯೋಪ್ರಿಯ:
ತುಂಬಾ ಉಪಕಾರವಾಯಿತು. ಅವರ ಸಮಯಕ್ಕೆ ದುಡ್ಡು ಕೊಡಬೇಕಾ?

ಲೆಕ್ಕದಪುಸ್ತಕ:
ಯೋಜನೆಗೆ ಹಣ ಬಂದಿದ್ದರೆ ಗೌರವಧನ ಇಡಿ, ಎಲ್ಲರಿಗೂ ಒಂದೇ ಮೊತ್ತ, ಮೊದಲೇ ಹೇಳಿ. ಇಲ್ಲದಿದ್ದರೆ ಪೂರ್ತಿ ಆಡಿಯೋ ಮತ್ತು ಮುದ್ರಿಸಿದ ಲಿಪ್ಯಂತರ ಕೊಡಿ. ಒಪ್ಪಿಗೆ ಪತ್ರದಲ್ಲಿ ಮೂರು ಕಡೆ ಬೇರೆ ಬೇರೆ ಸಹಿ ಇರಲಿ: ಆಡಿಯೋಗೆ, ಫೋಟೋಗೆ, ಅಂಗಡಿ ಹೆಸರಿಗೆ. ಲಿಪ್ಯಂತರ ಕೈಗೆ ಕೊಟ್ಟ ದಿನದಿಂದ ಎರಡು ವಾರದೊಳಗೆ ಯಾವ ಸಾಲನ್ನಾದರೂ ತೆಗೆಸಬಹುದು ಅಂತ ಅದೇ ಪತ್ರದಲ್ಲಿ ಬರೆಯಿರಿ. ಲಿಪ್ಯಂತರವನ್ನು ಮಂಗಳವಾರ ಬೆಳಗ್ಗೆ ನೀವೇ ಹೋಗಿ ಕೊಡಿ, ಇಮೇಲ್ ಮಾಡಿದರೆ ಓದದೇ ಉಳಿಯುವ ಸಾಧ್ಯತೆ ಹೆಚ್ಚು.