ಕಟಿಂಗ್ ಮ್ಯಾಟಿನ ಗೀರಲ್ಲಿ ನೂಲು ಕೂತಿದೆ, ತೆಗೆಯೋದು ಹೇಗೆ?

ಪ್ರಶ್ನೆ: ಅಮ್ಮನ ಹಳೇ ಕಾಟನ್ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದೇನೆ. ಬಟ್ಟೆ ಹಾಸಿ ಕತ್ತರಿಸುವ 24 × 36 ಇಂಚಿನ ಹಸಿರು ಮ್ಯಾಟು, 45 ಮಿ.ಮೀ. ರೋಟರಿ ಕಟರ್ (ಉರುಳುವ ದುಂಡು ಬ್ಲೇಡಿನದು). ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಗೀರುಗಳಲ್ಲಿ ಬಿಳಿ ನಾರು ಗಟ್ಟಿಯಾಗಿ ಕೂತಿದೆ. ಬಟ್ಟೆ ಕತ್ತರಿಸಿ ಎತ್ತಿದರೆ ಅಲ್ಲಲ್ಲಿ ಎರಡು ಮೂರು ಎಳೆ ತುಂಡಾಗದೆ ಹಾಗೇ ಅಂಟಿಕೊಂಡಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ, ಹೋಗಲಿಲ್ಲ. ತೊಳೆಯಬಹುದಾ? ಹೊಸದೇ ತರಬೇಕಾ?

ಧಾರವಾಡದಿಂದ: ಹೊಸದು ಬೇಡ, ತೊಳೆಯಿರಿ. ಬ್ಲೇಡ್ ಹಾದು ಹೋದ ಮೇಲೆ ಈ ಮ್ಯಾಟಿನ ಗೀರು ತಾನಾಗಿ ಕೂಡಿಕೊಳ್ಳಬೇಕು. ನಡುವೆ ನಾರು ಸಿಕ್ಕಿಕೊಂಡರೆ ಬಾಯಿ ತೆರೆದೇ ಇರುತ್ತದೆ, ಮುಂದಿನ ಸಲ ಇನ್ನಷ್ಟು ನಾರು ಒಳಗೆ ಹೋಗುತ್ತದೆ.

ನಾನು ಮೊದಲು ಒಣಗಿದ ಮ್ಯಾಟಿನ ಮೇಲೆ ಮಕ್ಕಳ ಬಿಳಿ ರಬ್ಬರ್ ಉಜ್ಜುತ್ತೇನೆ. ಗೀರಿನ ಉದ್ದಕ್ಕೂ ಅಲ್ಲ, ಅಡ್ಡಲಾಗಿ. ನಾರು ಮೇಲೆದ್ದು ರಬ್ಬರಿನ ಚೂರಿನ ಜೊತೆ ಸುತ್ತಿಕೊಂಡು ಬರುತ್ತದೆ. ಆಮೇಲೆ ಬಚ್ಚಲಿನ ನೆಲದ ಮೇಲೆ ಮಟ್ಟಸವಾಗಿ ಹಾಸಿ, ತಣ್ಣೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಮೆತ್ತನೆ ಹಲ್ಲುಜ್ಜುವ ಬ್ರಷ್. ಸುತ್ತು ಸುತ್ತಾಗಿ ಉಜ್ಜಿದರೆ ಸಾಕು. ಸ್ಟೀಲ್ ಸ್ಕ್ರಬ್ಬರ್ ಮುಟ್ಟಿಸಬೇಡಿ, ಮೇಲ್ಪದರ ತರಚಿ ಹೋಗುತ್ತದೆ. ಬಿಸಿನೀರೂ ಬೇಡ.

ಸೀರೆಗೆ ಗಂಜಿ ಹಾಕಿದ್ದರೆ ಅದರ ಪುಡಿಯೂ ಸೇರಿ ಅಂಟಾಗಿರುತ್ತದೆ. ಹಾಗಿದ್ದಾಗ 4 ಲೀಟರ್ ನೀರಿಗೆ ಕಾಲು ಕಪ್ ಬಿಳಿ ವಿನೆಗರ್ ಬೆರೆಸಿ, 15 ನಿಮಿಷ ನೆನೆಸಿ ಉಜ್ಜಿ. ನಮ್ಮದು ಬೋರ್‌ವೆಲ್ ನೀರು, ಕಲೆ ಕೂರದ ಹಾಗೆ ಟವೆಲಿನಲ್ಲಿ ಒತ್ತಿ ಒರೆಸುತ್ತೇನೆ. ಹಗ್ಗದ ಮೇಲೆ ಮಾತ್ರ ಹಾಕಬೇಡಿ, ಮಡಿಕೆ ಬಿದ್ದರೆ ಹೋಗುವುದಿಲ್ಲ. ಮಂಚದ ಮೇಲೆ ಹಾಸಿ ಫ್ಯಾನ್ ಹಾಕಿಬಿಡಿ.

ಕಲಬುರಗಿಯಿಂದ: ಬಿಸಿನೀರು ಬೇಡ ಅಂದಿದ್ದು ನೂರಕ್ಕೆ ನೂರು ನಿಜ. ಏಪ್ರಿಲ್‌ನಲ್ಲಿ ಅಕ್ಕನ ಮನೆಗೆ ಹೋಗುವಾಗ ಮ್ಯಾಟನ್ನು ಕಾರಿನ ಹಿಂದಿನ ಸೀಟಿಗೆ ಒರಗಿಸಿ ಇಟ್ಟಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಕಾಯಿಸಿದ ಹಪ್ಪಳದ ಹಾಗೆ ಬಾಗಿತ್ತು. ಮೇಲೆ ಪುಸ್ತಕದ ಗಂಟು ಹೇರಿ ಒಂದು ವಾರ ಬಿಟ್ಟೆ. ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ. ಇವತ್ತಿಗೂ ನಡುವೆ ರೂಲರ್ ಇಟ್ಟರೆ ಅಲ್ಲಾಡುತ್ತದೆ, ಪಟ್ಟಿ ಓರೆಯಾಗುತ್ತದೆ. ತುಂಬಾ ಬೇಜಾರಾಯಿತು, ಕೂಡಿಟ್ಟ ದುಡ್ಡಲ್ಲಿ ತಂದಿದ್ದು. ಬಿಸಿ ಚಹಾ ಲೋಟ, ಇಸ್ತ್ರಿಪೆಟ್ಟಿಗೆ, ಕಿಟಕಿ ಬಿಸಿಲು ಎಲ್ಲಾ ಒಂದೇ. ಈಗ ಮಂಚದ ಕೆಳಗೆ ಪ್ಲೈವುಡ್ ಮೇಲೆ ಮಲಗಿಸಿಯೇ ಇಡುತ್ತೇನೆ.

ಸಾಗರದಿಂದ: ನಮ್ಮ ಕಡೆ ತೊಂದರೆ ಉಲ್ಟಾ. ಮಳೆಗಾಲದಲ್ಲಿ ತೊಳೆದ ಮ್ಯಾಟನ್ನು ಪೂರ್ತಿ ಒಣಗಿಸದೆ ಹಲಗೆ ಮೇಲೆ ಇಟ್ಟರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಎರಡೂ ಮಗ್ಗುಲು ಒಣಗಿಸಿ.

ಬೆಂಗಳೂರಿನಿಂದ: ತೊಳೆಯುವ ಮೊದಲು ಒಂದು ಸಲ ಬ್ಲೇಡ್ ನೋಡಿ. 45 ಮಿ.ಮೀ. ಬ್ಲೇಡ್ ಒಂದು ಸುತ್ತು ಉರುಳಿದರೆ ಸುಮಾರು 14 ಸೆಂ.ಮೀ. ಎಳೆ ಉಳಿದ ಜಾಗಗಳು ಸರಿಯಾಗಿ 14 ಸೆಂ.ಮೀ.ಗೊಂದು ಬರುತ್ತಿದ್ದರೆ ಅದು ಬ್ಲೇಡಿನ ಮುಕ್ಕು, ಮ್ಯಾಟಿನ ತಪ್ಪಲ್ಲ. ಗುಂಡುಪಿನ್ನಿನ ಮೇಲೆ ಒಂದು ಸಲ ಹಾದರೂ ಸಾಕು, ಮುಕ್ಕು ಬೀಳುತ್ತದೆ. ಬೇರೆ ಬಟ್ಟೆ ಇಟ್ಟರೂ ಮ್ಯಾಟಿನ ಅದೇ ಜಾಗದಲ್ಲಿ ಎಳೆ ಉಳಿದರೆ ಆಗ ಮ್ಯಾಟು. ಮೊಂಡು ಬ್ಲೇಡಾದರೆ ನಾವು ಜೋರಾಗಿ ಒತ್ತುತ್ತೇವೆ ಅಲ್ವಾ, ಆಳದ ಗೀರು ಬೀಳುವುದೇ ಆಗ.

ಇನ್ನೊಂದು, ಎಲ್ಲರೂ ಮ್ಯಾಟಿನ ಮೇಲೆ ಅಚ್ಚಾದ ಇಂಚಿನ ಗೆರೆಗಳಲ್ಲಿ ಒಂದೇ ಗೆರೆ ಮೇಲೆ ಕತ್ತರಿಸುತ್ತೇವೆ. ತಿಂಗಳಿಗೊಮ್ಮೆ ಮ್ಯಾಟನ್ನು ತಿರುಗಿಸಿ ಇಡಿ, ಸವೆತ ಹಂಚಿಹೋಗುತ್ತದೆ. ಫ್ಲೀಸ್, ಪಾಲಿಯೆಸ್ಟರ್ ಬ್ಯಾಟಿಂಗ್ (ಕೌದಿಯ ನಡುವೆ ಹಾಕುವ ಮೆತ್ತನೆ ಪದರ) ಇದ್ದರೆ ಕತ್ತರಿಯಲ್ಲೇ ಕತ್ತರಿಸಿ. ಗೀರಿಗೆ ನಾರು ತುಂಬುವುದು ಅವೇ ಜಾಸ್ತಿ. ಹಳೇ ಸೀರೆಯಾದರೆ ಉದ್ದ ಪಟ್ಟಿಗಳನ್ನು ಕೈಯಲ್ಲೇ ಹರಿಯಬಹುದು. ನಮ್ಮಜ್ಜಿ ಹಾಗೇ ಹರಿಯುತ್ತಿದ್ದಳು, ಎಳೆ ಹಿಡಿದು ನೇರವಾಗಿ ಬರುತ್ತದೆ.

ಕೇಳಿದವರಿಂದ: ಎಲ್ಲರಿಗೂ ಥ್ಯಾಂಕ್ಸ್. ರಬ್ಬರ್ ಉಜ್ಜಿದ್ದಕ್ಕೇ ನೆಲ್ಲಿಕಾಯಿ ಗಾತ್ರದ ನಾರಿನ ಉಂಡೆ ಬಂತು. ವಿನೆಗರ್ ನೀರೂ ಆಯಿತು, ಗಂಜಿಯ ಅಂಟು ಹೋಗಿದೆ. 8 ಇಂಚಿನ ಗೆರೆ ಮೇಲಿನ ಎರಡು ಗೀರು ಮಾತ್ರ ಆಳ, ಮುಚ್ಚಿಕೊಂಡಿಲ್ಲ. ಮ್ಯಾಟು ತಿರುಗಿಸಿ ಆ ಗೆರೆ ಬಿಟ್ಟು ಕತ್ತರಿಸುತ್ತಿದ್ದೇನೆ. ಟೇಪ್ ಹಿಡಿದು ಅಳೆದೂ ನೋಡಿದೆ. ಉಳಿದ ಎಳೆಗಳು 14 ಸೆಂ.ಮೀ.ಗೊಂದು ಬರುತ್ತಿವೆ. ನಾಳೆ ಹೊಸ ಬ್ಲೇಡ್ ತರುತ್ತೇನೆ.